ಬೋರ್ ನೀರು ಮೆದುವಾಗಿಸಲು ಮೂರು ದಾರಿ: ನಮ್ಮ ಮನೆಯ ಹೋಲಿಕೆ

ಮಂಗಳೂರಿನಲ್ಲಿ ತುಂಬೆ ಅಣೆಕಟ್ಟಿನ ನಲ್ಲಿ ನೀರು ಮಾತ್ರ ಬಳಸುವವರಿಗೆ ಸಾಫ್ಟ್‌ನರ್, ಅಂದರೆ ನೀರು ಮೆದು ಮಾಡುವ ಸಾಧನ, ಬೇಕಾಗುವುದು ಅಪರೂಪ. ನೇತ್ರಾವತಿಯ ನೀರು ಮೆದು. ಮುರಕಲ್ಲಿನ ನೆಲದ ಬಾವಿಗಳೂ ಹೆಚ್ಚಾಗಿ ಹಾಗೆಯೇ. ತಲೆನೋವು ಶುರುವಾಗುವುದು ಬೋರ್ ನೀರಿಗೆ ಕೈಹಾಕಿದಾಗ. ಸುರತ್ಕಲ್‌ನ ನಮ್ಮ ಮನೆಯಲ್ಲಿ ಬೇಸಿಗೆ ಬಂದರೆ ಬೋರೇ ಗತಿ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ, ಸೋಪಿಗೆ ನೊರೆ ಇಲ್ಲ, ಎಷ್ಟು ವಿಸಿಲ್ ಹೊಡೆಸಿದರೂ ತೊಗರಿಬೇಳೆ ಕಾಳು ಕಾಳು. ಲ್ಯಾಬ್‌ನಲ್ಲಿ ನೋಡಿಸಿದರೆ ಗಡಸುತನ (ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ) ಲೀಟರಿಗೆ 300 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ಮಟ್ಟ 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ.

ಮೊದಲು ಹಾಕಿಸಿದ್ದು ಪೈಪಿಗೆ ತಂತಿ ಸುತ್ತುವ ಎಲೆಕ್ಟ್ರಾನಿಕ್ ಡಬ್ಬ. ಉಪ್ಪು ಬೇಡ, ಕೆಲಸವೂ ಇಲ್ಲ. ಆದರೆ ಇದು ನೀರಿನಿಂದ ಸುಣ್ಣ ತೆಗೆಯುವುದೇ ಇಲ್ಲ, ಅಂಟದ ಹಾಗೆ ಮಾಡುತ್ತದೆ ಅಂತ ಮಾರುವವರ ಮಾತು. ನಮ್ಮ ಕಾಯಿಲ್ ಮೊದಲಿನಂತೆಯೇ ಬೆಳ್ಳಗಾಯಿತು.

ವಾಷಿಂಗ್ ಮೆಷಿನ್ ನಲ್ಲಿಗೆ ಹಾಕುವ ಪಾಲಿಫಾಸ್ಫೇಟ್ ಕಾರ್ಟ್ರಿಜ್ ಪರವಾಗಿಲ್ಲ. ಒಳಗಿನ ಹರಳು ಸ್ವಲ್ಪ ಸ್ವಲ್ಪವೇ ಕರಗಿ, ಸುಣ್ಣ ಪದರ ಕಟ್ಟದಂತೆ ತಡೆಯುತ್ತದೆ. ಖಾಲಿಯಾದಾಗ ತುಂಬಬೇಕು. ಮೆಷಿನ್ ಒಂದೇ ನಿಮ್ಮ ಚಿಂತೆಯಾದರೆ ಇಷ್ಟೇ ಸಾಕು.

ನಿಜವಾಗಿ ನೀರು ಮೆದು ಮಾಡಿದ್ದು ಉಪ್ಪಿನ ಸಾಫ್ಟ್‌ನರ್. ಸಿಲಿಂಡರ್ ಒಳಗೆ ರವೆಯಷ್ಟು ಸಣ್ಣ ರೆಸಿನ್ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಹಿಡಿದದ್ದೆಲ್ಲ ಮೋರಿಗೆ ಹೋಗಿ ಮತ್ತೆ ತಯಾರು. ಬಾಟಲಿಯಲ್ಲಿ ಅರ್ಧ ನೀರು, ನಾಲ್ಕು ಹನಿ ಸೋಪಿನ ನೀರು ಹಾಕಿ ಕುಲುಕಿ ನೋಡಿ. ಬೋರ್ ನೀರಿನಲ್ಲಿ ಬಿಳಿ ಕೆನೆಯಂಥ ಕಸ ತೇಲುತ್ತದೆ. ಸಾಫ್ಟ್‌ನರ್ ನೀರಿನಲ್ಲಿ ನೊರೆ ಕುತ್ತಿಗೆವರೆಗೆ ಏರಿ ನಿಲ್ಲುತ್ತದೆ. ಸಾಫ್ಟ್‌ನರ್ ಕೆಲಸ ಅಳೆಯಲು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು ಬರುವವರನ್ನು ನಂಬಬೇಡಿ. ಒಂದು ಲವಣದ ಬದಲು ಇನ್ನೊಂದು ಬರುವುದರಿಂದ ಆ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

100 ಮಿಲಿಗ್ರಾಂ ಗಡಸುತನ ಹೋದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಹಾಗಾಗಿ ಕುಡಿಯುವ ನೀರಿನ ಲೈನ್ ಬೇರೆಯೇ ಇಟ್ಟಿದ್ದೇವೆ. ಬಿಪಿ ಇರುವವರ ಮನೆಯಲ್ಲಂತೂ ಇದು ಬೇಕೇ ಬೇಕು, ಅಲ್ವಾ?

ನಮ್ಮ ಕರಾವಳಿಯಲ್ಲಿ ಇನ್ನೆರಡು ಉಪದ್ರ ಇವೆ. ಬಕೆಟ್ ತಳದಲ್ಲಿ ಕೆಂಪು ಕೂತರೆ ಅದು ಕಬ್ಬಿಣ. ಅದು ರೆಸಿನ್ ಕೆಡಿಸುತ್ತದೆ, ನೀರು ಸಾಫ್ಟ್‌ನರ್‌ಗೆ ಹೋಗುವ ಮೊದಲೇ ಐರನ್ ಫಿಲ್ಟರ್ ಹಾಕಿಸಬೇಕು. ನೀರು ಬಾಯಿಗೇ ಉಪ್ಪಾದರೆ ಸಾಫ್ಟ್‌ನರ್ ಸುಮ್ನೆ ದಂಡ. ಉಪ್ಪು ತೆಗೆಯುವುದು ಆರ್‌ಒ ಕೆಲಸ.

ಸೈಜಿಗೆ ಲೆಕ್ಕ ಸುಲಭ. ದಿನಕ್ಕೆ 600 ಲೀಟರ್ ಬಳಸಿದರೆ, 300ರ ಗಡಸುತನದಲ್ಲಿ 180 ಗ್ರಾಂ ತೆಗೆಯಬೇಕು. ಲೀಟರ್ ರೆಸಿನ್‌ಗೆ 50 ಗ್ರಾಂ ಹಿಡಿದರೆ, 25 ಲೀಟರ್ ರೆಸಿನ್ ಹೆಚ್ಚು ಕಡಿಮೆ ವಾರ ಬರುತ್ತದೆ. ಉಪ್ಪುನೀರು ಹಾಯಿಸುವ ವಾಲ್ವ್‌ಗಳಲ್ಲಿ, ದಿನ ಎಣಿಸುವ ಟೈಮರ್ ವಾಲ್ವ್ ಬೇಡ. ಮಳೆಗಾಲದಲ್ಲಿ ನಾವು ಬಾವಿ ನೀರಿಗೆ ಹೋದರೂ ಅದು ತನ್ನ ಪಾಡಿಗೆ ಉಪ್ಪು ತಿನ್ನುತ್ತದೆ. ಲೀಟರ್ ಎಣಿಸುವ ಮೀಟರ್ ವಾಲ್ವ್ ದುಬಾರಿಯಾದರೂ ನನ್ನ ಓಟು ಅದಕ್ಕೇ. ದುಡ್ಡು ಕಡಿಮೆ ಇದ್ದರೆ ಕೈಯಿಂದ ತಿರುಗಿಸುವ ವಾಲ್ವ್ ಸಾಕು, ಕರೆಂಟಿನ ಹಂಗೂ ಇಲ್ಲ. ಉಪ್ಪು ಮಾತ್ರ ಸ್ವಚ್ಛವಾದ ಕಲ್ಲುಪ್ಪೇ ಆಗಲಿ. ಪುಡಿಯುಪ್ಪು ತೊಟ್ಟಿಯಲ್ಲಿ ಗಟ್ಟಿ ಕಟ್ಟುತ್ತದೆ. ಹೊರಬರುವ ಉಪ್ಪುನೀರನ್ನು ಮಲ್ಲಿಗೆ ಬುಡಕ್ಕೆ ಬಿಡಬೇಡಿ.