ಲೇಬಲ್ ನಂಬಿ ಕೊಳ್ಳುವುದಾದರೆ: ಕ್ರಿಪ್ಟ್, ಇನ್ ದ ರೆಡ್, ಡಿಸ್ಕಾರ್ಡ್

ಗರಾಜ್, ಪಂಕ್ ಎಂಬ ಒರಟು ರಾಕ್ ಸಂಗೀತ ಕೇಳುವವರಿಗೆ ಬ್ಯಾಂಡಿನಷ್ಟೇ ಲೇಬಲ್ಲೂ, ಅಂದರೆ ರೆಕಾರ್ಡ್ ಹೊರತರುವ ಕಂಪನಿಯೂ, ಮುಖ್ಯ. ಹೆಸರೇ ಕೇಳಿರದ ಬ್ಯಾಂಡ್, ಒಂದೇ ಒಂದು ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್) ಮಾಡಿ ಮಾಯವಾದ ಬ್ಯಾಂಡ್, ಇಂಥವನ್ನೆಲ್ಲ ನಾವು ಕೊಳ್ಳುವುದು ಕವರಿನ ಮೂಲೆಯಲ್ಲಿರುವ ಪುಟ್ಟ ಗುರುತು ನಂಬಿಕೊಂಡೇ ಅಲ್ವಾ? ನಾನು ಹಾಗೆ ಕಣ್ಣುಮುಚ್ಚಿ ನಂಬುವುದು ಕ್ರಿಪ್ಟ್ ಲೇಬಲ್ಲನ್ನು. ಇನ್ ದ ರೆಡ್, ಡಿಸ್ಕಾರ್ಡ್ ಎರಡೂ ನನ್ನ ಕಪಾಟಿನಲ್ಲಿ ಸಾಕಷ್ಟು ಜಾಗ ಹಿಡಿದಿವೆ. ಆದರೆ ಕೈಯಲ್ಲಿ ಒಂದೇ ರೆಕಾರ್ಡಿಗಾಗುವಷ್ಟು ದುಡ್ಡಿದ್ದರೆ ನಾನು ತೆಗೆದುಕೊಳ್ಳುವುದು ಕ್ರಿಪ್ಟ್.

ಈ ನಂಬಿಕೆ ಗಟ್ಟಿಯಾಗಿದ್ದು ಬೇರೆ ಯಾರದೋ ರೆಕಾರ್ಡಿನಿಂದ. 1960ರ ದಶಕದ ಅಮೆರಿಕದ ಗರಾಜ್ ಹಾಡುಗಳ ಸಂಕಲನ ಅದು. ಯಾವ ಲೇಬಲ್ ಅನ್ನುವುದು ಬೇಡ. ಕವರ್ ಚೆನ್ನಾಗಿತ್ತು, ಹಾಡುಗಳ ಪಟ್ಟಿ ಇನ್ನೂ ಚೆನ್ನಾಗಿತ್ತು. ಮೊದಲ ಹಾಡಿನಲ್ಲಿ ಏನೂ ತೊಂದರೆ ಕಾಣಲಿಲ್ಲ. ಕರಕರ ಎನ್ನುವ ಫಝ್ ಗಿಟಾರ್, ಕಿರುಚಾಟ, ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಆ ಬದಿಯ ಕೊನೆಗೆ ಒಂದು ನಿಧಾನದ ಹಾಡು ಬಂತು, ಉದ್ದಕ್ಕೂ ಆರ್ಗನ್. ಆರ್ಗನ್ನಿನ ಸ್ವರ ಉಯ್ಯಾಲೆಯ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಪ್ಲೇಯರ್ ಕೈಕೊಟ್ಟಿತೇನೋ ಎಂದು ಅದನ್ನು ತಿರುಗಿಸುವ ಬೆಲ್ಟ್ ನೋಡಿದೆ. ಬೇರೆ ರೆಕಾರ್ಡ್ ಹಾಕಿದೆ. ಅದರಲ್ಲಿ ಸ್ವರ ನೆಟ್ಟಗಿತ್ತು.

ಮತ್ತೆ ಅದನ್ನೇ ಹಾಕಿ, ಮುಳ್ಳು ಹೊತ್ತ ತೋಳಿನ ಮೇಲೆ ಕಣ್ಣಿಟ್ಟು ಕೂತೆ. ಸರಿಯಾದ ರೆಕಾರ್ಡಿನಲ್ಲಿ ಆ ತೋಳು ಕಂಡೂ ಕಾಣದ ಹಾಗೆ ಒಳಕ್ಕೆ ಸರಿಯುತ್ತ ಹೋಗುತ್ತದೆ. ಇಲ್ಲಿ ಅದು ಪ್ರತಿ ಸುತ್ತಿಗೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು. ಅಂದರೆ ನಡುವಿನ ತೂತು ನಡುವಿನಲ್ಲಿಲ್ಲ. ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡ್. ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಒಂದು ಅರ್ಧ ಸುತ್ತಿನಲ್ಲಿ ಹೆಚ್ಚುತ್ತದೆ, ಇನ್ನರ್ಧದಲ್ಲಿ ಇಳಿಯುತ್ತದೆ. ವೇಗದ ಜೊತೆ ಶ್ರುತಿಯೂ ಏರಿಳಿಯುತ್ತದೆ. ಹೊರ ಅಂಚಿನಲ್ಲಿ ಸುತ್ತು ದೊಡ್ಡದು, ಹಾಗಾಗಿ ತಪ್ಪು ಅಷ್ಟು ಕೇಳಿಸುವುದಿಲ್ಲ. ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ, ಅದೇ ತಪ್ಪು ಜಾಸ್ತಿ ಕೇಳಿಸುತ್ತದೆ. ಮೊದಲ ಹಾಡು ಬಚಾವಾಗಿ ಕೊನೆಯ ಹಾಡು ಕೆಟ್ಟಿದ್ದು ಇದಕ್ಕೇ. ಫಝ್ ಗಿಟಾರಿನ ಗದ್ದಲದಲ್ಲಿ ಇದು ಅಡಗಿಕೊಳ್ಳುತ್ತದೆ. ಆರ್ಗನ್ ಒಂದು ಸ್ವರವನ್ನು ಹಿಡಿದು ನಿಂತರೆ ಅಡಗಲು ಜಾಗವೇ ಇಲ್ಲ.

ಮಾರಿದವರಿಗೆ ಬರೆದೆ. ಬೇರೆ ಪ್ರತಿ ಕಳಿಸಿದರು. ಅದರಲ್ಲೂ ತೋಳು ಹಾಗೇ ತೂಗಿತು. ಮತ್ತೆ ಬರೆದರೆ ಇದು ಸಹಜ ಮಿತಿಯೊಳಗಿದೆ ಅನ್ನುವ ಉತ್ತರ ಬಂತು. ಕೆಲವರು ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಕೊಂಡು, ತೋಳು ತೂಗದಿರುವ ಜಾಗ ಸಿಗುವವರೆಗೆ ರೆಕಾರ್ಡನ್ನು ಅತ್ತಿತ್ತ ಸರಿಸಿ ಕೇಳುತ್ತಾರೆ. ಹೊಸ ರೆಕಾರ್ಡಿಗೆ ಅರ ಹಾಕಲು ನನಗೆ ಮನಸ್ಸು ಬರಲಿಲ್ಲ.

ಅದೇ ರೆಕಾರ್ಡಿನಲ್ಲಿ ಇನ್ನೊಂದು ವಿಷಯ ಕಿವಿಗೆ ಬಿತ್ತು. ಒಂದು ಹಾಡಿನುದ್ದಕ್ಕೂ ಟಿಕ್ ಟಿಕ್ ಸದ್ದು. ಅದು ನನ್ನ ಎಲ್‌ಪಿಯ ಗೀರಾಗಿದ್ದರೆ 1.8 ಸೆಕೆಂಡಿಗೊಮ್ಮೆ ಬರಬೇಕಿತ್ತು, ಆದರೆ ಇನ್ನೂ ಬೇಗ ಬೇಗ ಬರುತ್ತಿತ್ತು. ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್ ಒಂದು ಸುತ್ತಿಗೆ 1.3 ಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ. ಹಳೆಯ ಸಿಂಗಲ್ಲಿನ ಮೇಲಿದ್ದ ಗೀರು ಹಾಡಿನ ಜೊತೆಗೇ ಅಚ್ಚಾಗಿ ಬಂದಿತ್ತು. ಇದನ್ನು ನಾನು ದೂರುವುದಿಲ್ಲ. ಈ ಹಾಡುಗಳಲ್ಲಿ ಎಷ್ಟೋ ಹಾಡಿನ ಮೂಲ ಟೇಪ್ ಉಳಿದೇ ಇಲ್ಲ, ಸಿಕ್ಕ ಸಿಂಗಲ್ಲೇ ಗತಿ. ಆದರೆ ಯಾವ ಸಿಂಗಲ್, ಯಾರು ಹಾಡಿದ್ದು, ಯಾವ ಊರಿನವರು ಅನ್ನುವ ಒಂದು ಸಾಲೂ ಕವರಿನಲ್ಲಿರಲಿಲ್ಲ. ತೂತಿನ ವಿಷಯ ನುಂಗಿಕೊಂಡರೂ ಇದನ್ನು ನುಂಗಿಕೊಳ್ಳಲು ಆಗಲಿಲ್ಲ.

ಈಗ ಕ್ರಿಪ್ಟ್. ಇದರ ಸ್ಥಾಪಕ ಟಿಮ್ ವಾರನ್ 1983ರಲ್ಲಿ 1960ರ ದಶಕದ ಗರಾಜ್ ಹಾಡುಗಳ 'ಬ್ಯಾಕ್ ಫ್ರಮ್ ದ ಗ್ರೇವ್' ಸಂಕಲನಗಳ ಮೊದಲ ಭಾಗ ತಂದರು. ಅದಕ್ಕೂ ಮುಂಚೆ, 1972ರಲ್ಲಿ, ಲೆನ್ನಿ ಕೇ ಆರಿಸಿದ 'ನಗೆಟ್ಸ್' ಎಂಬ ಇಂಥದ್ದೇ ಸಂಕಲನ ಬಂದಿತ್ತು. ಅದರಲ್ಲಿ ರೇಡಿಯೊದಲ್ಲಿ ಗೆದ್ದ ಹಾಡುಗಳೂ ಇದ್ದವು. ವಾರನ್ ಹುಡುಕಿದ್ದು ಎಲ್ಲೂ ಗೆಲ್ಲದ, ತಮ್ಮ ಊರು ದಾಟದ ಹಾಡುಗಳನ್ನು. ಬರೀ ಸಿಂಗಲ್ ಹುಡುಕಿ ಸುಮ್ಮನಾಗಲಿಲ್ಲ. ಬ್ಯಾಂಡಿನಲ್ಲಿದ್ದವರನ್ನು ಹುಡುಕಿ ಮಾತಾಡಿಸಿ, ಹಳೇ ಫೋಟೊ ತಂದು, ಅವರ ಕತೆಯನ್ನು ಕವರಿನ ಮೇಲೆ ಹಾಕಿದರು. ಮೂರು ಸ್ವರ ಬರುತ್ತಿದ್ದ ಹೈಸ್ಕೂಲ್ ಹುಡುಗರು ಹೇಗೆ ದುಡ್ಡು ಹೊಂದಿಸಿ ಸ್ಟುಡಿಯೋಗೆ ಹೋದರು ಅನ್ನುವುದನ್ನು ಓದಿಕೊಂಡು ಹಾಡು ಕೇಳಿದರೆ ಆ ಕಿರುಚಾಟಕ್ಕೆ ಒಂದು ಮುಖ ಸಿಗುತ್ತದೆ. ನನ್ನ ಕ್ರಿಪ್ಟ್ ಪ್ರತಿಗಳಲ್ಲಿ ತೋಳು ನೆಟ್ಟಗೆ ಸರಿಯುತ್ತದೆ.

ಹಳೆಯದಷ್ಟೇ ಆಗಿದ್ದರೆ ನಾನು ಇಷ್ಟು ಹೊಗಳುತ್ತಿರಲಿಲ್ಲ. 1990ರ ದಶಕದಲ್ಲಿ ಕ್ರಿಪ್ಟ್ ಹೊಸ ಬ್ಯಾಂಡುಗಳನ್ನು ಆರಿಸಿದ್ದೂ ಅದೇ ಕಿವಿಯಿಂದ. ಡೆಟ್ರಾಯಿಟ್‌ನ ಗೋರೀಸ್‌ನಲ್ಲಿ ಬೇಸ್ ಗಿಟಾರ್ ಇಲ್ಲ. ಪೆಗಿ ಓನೀಲ್ ಅವರ ಡ್ರಮ್ಸ್‌ನಲ್ಲಿ ಸಿಂಬಲ್ (ಲೋಹದ ತಟ್ಟೆ) ಕೂಡ ಇಲ್ಲ. ಮೇಲಿನ ಆ ಝಣಝಣ ಇಲ್ಲದೆ ಬರೀ ಧಬ್ ಧಬ್ ಬಡಿತ, ಎರಡು ಗಿಟಾರಿನ ನಡುವೆ ಖಾಲಿ ಜಾಗ. 1992ರ ಅವರ ಆಲ್ಬಮ್ 'ಔಟಾ ಹಿಯರ್' ಕೇಳಿ, ಆ ಖಾಲಿ ಜಾಗವೇ ಎಷ್ಟು ಕುಣಿಸುತ್ತದೆ ಗೊತ್ತಾಗುತ್ತದೆ. ಮೆಂಫಿಸ್‌ನ ಒಬ್ಲಿವಿಯನ್ಸ್‌ನಲ್ಲೂ ಬೇಸ್ ಇಲ್ಲ. ಮೂವರೂ ಗಿಟಾರ್, ಡ್ರಮ್ಸ್ ಅದಲುಬದಲು ಮಾಡಿಕೊಂಡು ಹಾಡುತ್ತಾರೆ. ಟೋಕಿಯೋದ ಟೀನ್‌ಜೆನರೇಟ್, ಒಹಾಯೋದ ನ್ಯೂ ಬಾಂಬ್ ಟರ್ಕ್ಸ್ ಕೂಡ ಇದೇ ಮನೆಯವರು. ಟೀನ್‌ಜೆನರೇಟ್ ಬೆಳಿಗ್ಗೆ ಕೇಳಬೇಡಿ, ಕೆಲಸಕ್ಕೆ ಹೋಗಲು ಮನಸ್ಸಾಗುವುದಿಲ್ಲ.

ಇನ್ ದ ರೆಡ್ ಅನ್ನು ಲ್ಯಾರಿ ಹಾರ್ಡಿ 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದರು. ಇದನ್ನು ಕ್ರಿಪ್ಟ್ ಪಕ್ಕ ಇಟ್ಟು ತೂಗುವುದು ಸುಲಭ, ಯಾಕೆಂದರೆ ಕೆಲವರು ಎರಡೂ ಕಡೆ ಇದ್ದಾರೆ. ಗೋರೀಸ್‌ನ ಮಿಕ್ ಕಾಲಿನ್ಸ್ ಮುಂದೆ ಡರ್ಟ್‌ಬಾಂಬ್ಸ್ ಕಟ್ಟಿದರು. ಅಲ್ಲಿ ಇಬ್ಬರು ಡ್ರಮ್ಸ್ ಬಾರಿಸುವವರು, ಇಬ್ಬರು ಬೇಸ್ ನುಡಿಸುವವರು. ಬೇಸ್ ಇಲ್ಲದೆಯೇ ಗೆದ್ದ ಮನುಷ್ಯ ಎರಡೆರಡು ಇಟ್ಟುಕೊಂಡೂ ಗೆದ್ದರು. 2001ರ 'ಅಲ್ಟ್ರಾಗ್ಲೈಡ್ ಇನ್ ಬ್ಲ್ಯಾಕ್'ನಲ್ಲಿ ಆಫ್ರಿಕನ್ ಅಮೆರಿಕನ್ನರ ಹಳೇ ಸೋಲ್ (soul) ಹಾಡುಗಳನ್ನು ಫಝ್‌ನಲ್ಲಿ ಅದ್ದಿ ತೆಗೆದಿದ್ದಾರೆ, ನನಗೆ ಬಹಳ ಇಷ್ಟ. ಒಬ್ಲಿವಿಯನ್ಸ್‌ನ ಗ್ರೆಗ್ ಕಾರ್ಟ್‌ರೈಟ್ ಕೂಡ ರೇನಿಂಗ್ ಸೌಂಡ್ ಬ್ಯಾಂಡಿನೊಂದಿಗೆ 2004ರಲ್ಲಿ 'ಟೂ ಮಚ್ ಗಿಟಾರ್' ತಂದಿದ್ದು ಇಲ್ಲೇ. ಜೇ ರೀಟಾರ್ಡ್ ಅವರ 2006ರ 'ಬ್ಲಡ್ ವಿಷನ್ಸ್' ಬಂದಿದ್ದೂ ಇಲ್ಲೇ.

ಇಷ್ಟೆಲ್ಲ ಇದ್ದರೂ ಇನ್ ದ ರೆಡ್ ಎರಡನೇ ಸ್ಥಾನಕ್ಕೆ ಯಾಕೆ? ಅದರ ಹರವು ದೊಡ್ಡದು. ಗದ್ದಲವೇ ಸಂಗೀತವಾದ ಬ್ಯಾಂಡುಗಳೂ ಇವೆ, ಉದ್ದುದ್ದ ಎಳೆಯುವ, ಭ್ರಮೆ ಹುಟ್ಟಿಸುವಂಥ ಸೈಕೆಡೆಲಿಕ್ ಸಂಗೀತವೂ ಇದೆ. ಕೇಳಿ ನೋಡಿ ಕೊಳ್ಳುವವರಿಗೆ ಇದು ಹಬ್ಬ. ಕೇಳದೆ ಕೊಳ್ಳುವ ನನ್ನಂಥವರಿಗೆ ಏನು ಬರುತ್ತದೋ ಹೇಳಲಾಗದು. ನನಗೆ ಬೇಕಾಗಿರುವುದು ಎರಡೂವರೆ ನಿಮಿಷದ ಹಾಡು.

ಡಿಸ್ಕಾರ್ಡ್ ಮೇಲೆ ನನಗಿರುವುದು ಗೌರವ, ಅದರಲ್ಲೂ ನಡೆ ನುಡಿಯ ವಿಷಯಕ್ಕೆ. ಟೀನ್ ಐಡಲ್ಸ್ ಬ್ಯಾಂಡ್ ಒಡೆದಾಗ, ಕಾರ್ಯಕ್ರಮಗಳಿಂದ ಕೂಡಿಟ್ಟ ದುಡ್ಡನ್ನು ಹಂಚಿಕೊಳ್ಳದೆ ರೆಕಾರ್ಡ್ ಮಾಡಿಸಿದರು. 1980ರಲ್ಲಿ ಲೇಬಲ್ ಹುಟ್ಟಿದ್ದು ಹಾಗೆ. ಕವರುಗಳನ್ನು ಆ ಬ್ಯಾಂಡಿನ ಇಯಾನ್ ಮಕಾಯ್, ಜೆಫ್ ನೆಲ್ಸನ್ ಮತ್ತು ಗೆಳೆಯರು ಕೈಯಲ್ಲೇ ಕತ್ತರಿಸಿ, ಮಡಚಿ, ಅಂಟು ಹಚ್ಚಿ ಮಾಡಿದರು. ವಾಷಿಂಗ್ಟನ್ ಡಿಸಿ ಸುತ್ತಮುತ್ತಲ ಬ್ಯಾಂಡುಗಳಿಗೆ ಮಾತ್ರ ಇಲ್ಲಿ ಜಾಗ. ಮೈನರ್ ಥ್ರೆಟ್, ರೈಟ್ಸ್ ಆಫ್ ಸ್ಪ್ರಿಂಗ್, ಫುಗಾಝಿ ಎಲ್ಲ ಇಲ್ಲಿಯವರೇ. ಸಾಮಾನ್ಯವಾಗಿ ಐದು ಡಾಲರ್ ಟಿಕೆಟ್ ಇಟ್ಟು, ಯಾವ ವಯಸ್ಸಿನವರನ್ನೂ ಒಳಗೆ ಬಿಡುತ್ತಿದ್ದ ಬ್ಯಾಂಡ್ ಫುಗಾಝಿ. ಹಾಗೆ ನೋಡಿದರೆ ಮೂರರಲ್ಲಿ ಅತ್ಯಂತ ಪ್ರಾಮಾಣಿಕ ಲೇಬಲ್ ಇದೇ. ಆದರೆ ಇದು ಗರಾಜ್ ಅಲ್ಲ. ನನ್ನ ಕಾಲು ತಾಳ ಹಾಕುವುದು ಕ್ರಿಪ್ಟ್‌ಗೆ. ಡಿಸ್ಕಾರ್ಡ್ ಕೇಳುವಾಗ ಸುಮ್ನೆ ನೆಟ್ಟಗೆ ಕೂತು ಕೇಳುತ್ತೇನೆ.

ನಾನು ಸಂಜೆ ಒಂದು ಬದಿ ಹಾಕಿ, ಅದು ಮುಗಿಯುವವರೆಗೆ ಕವರ್ ಓದುತ್ತ ಕೂರುವ ಜಾತಿ. ಬಜೆಟ್ ಕಮ್ಮಿ, ಒಂದು ರೆಕಾರ್ಡ್ ಕೊಂಡರೆ ಅದರಿಂದ ಇನ್ನಷ್ಟು ಬ್ಯಾಂಡುಗಳ ದಾರಿ ತಿಳಿಯಬೇಕು. ಕ್ರಿಪ್ಟ್ ಇದಕ್ಕೆ ಹೇಳಿ ಮಾಡಿಸಿದ್ದು. ಗೋರೀಸ್ ಹಿಡಿದರೆ ಡರ್ಟ್‌ಬಾಂಬ್ಸ್‌ಗೆ ಹೋಗಬಹುದು, ಒಬ್ಲಿವಿಯನ್ಸ್ ಹಿಡಿದರೆ ರೇನಿಂಗ್ ಸೌಂಡ್‌ಗೆ. ಒಬ್ಲಿವಿಯನ್ಸ್‌ನ ಇನ್ನೊಬ್ಬ ಎರಿಕ್ ಫ್ರೀಡ್ಲ್ ಮೆಂಫಿಸ್‌ನಲ್ಲಿ 1993ರಲ್ಲಿ ಶುರು ಮಾಡಿದ್ದೇ ಗೋನರ್ ಲೇಬಲ್, ಅದರ ಬಗ್ಗೆ ಬೇರೆಯೇ ಬರೆಯಬೇಕು.

ರೆಕಾರ್ಡ್ ಪ್ಲೇಯರ್ ಇಲ್ಲದೆ ನಡೆಯುತ್ತ, ಓಡಾಡುತ್ತ ಕೇಳುವವರಾದರೆ ನನ್ನ ಮಾತು ಬಿಡಿ, ಡಿಸ್ಕಾರ್ಡ್ ಕಡೆ ಹೋಗಿ. ಫುಗಾಝಿ ತಮ್ಮ ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು 2011ರಿಂದ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದಾರೆ, ನೂರಾರು ಇವೆ. ಪ್ಲೇಯರ್ ಇದ್ದವರು 'ಬ್ಯಾಕ್ ಫ್ರಮ್ ದ ಗ್ರೇವ್'ನ ಮೊದಲ ಭಾಗದಿಂದಲೇ ಶುರು ಮಾಡಿ. ಯಾವ ಲೇಬಲ್ಲಿನದೇ ಆಗಲಿ, ಹೊಸ ಎಲ್‌ಪಿ ಬಂದ ಕೂಡಲೇ ಮೊದಲು ಎರಡೂ ಬದಿಯ ಕೊನೆಯ ಹಾಡು ಹಾಕಿ ತೋಳು ನೋಡಿ. ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಗೊತ್ತಾಗಬೇಕು.