ಪಿಡಿಬಿಫಿಕ್ಸರ್: ಐದು ವರ್ಷ ಬಳಸಿದ ಮೇಲೆ

ಪ್ರೋಟೀನಿನ ಎಕ್ಸ್‌ರೇ ರಚನೆ ಇಳಿಸಿಕೊಂಡು ನೇರವಾಗಿ ಸಿಮ್ಯುಲೇಶನ್‌ಗೆ (ಪರಮಾಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡುವುದಕ್ಕೆ) ಕೊಟ್ಟರೆ ಸಾಮಾನ್ಯವಾಗಿ ಓಡುವುದಿಲ್ಲ. ಹೈಡ್ರೋಜನ್ ಇರುವುದಿಲ್ಲ. ಹೊರಮೈಯಲ್ಲಿರುವ ಲೈಸೀನ್ ಅನ್ನುವ ಅಮೈನೋ ಆಮ್ಲಗಳ ಬಾಲ ಅರ್ಧಕ್ಕೇ ನಿಂತಿರುತ್ತದೆ. ಜಾಸ್ತಿ ಅಲುಗಾಡುವ ಲೂಪ್ (ಪ್ರೋಟೀನ್ ಸರಪಳಿಯ ಸಡಿಲ ತುಂಡು) ಇದ್ದರೆ ಅದು ಪೂರ್ತಿ ಕಾಣೆ. ಈ ರಿಪೇರಿಗೆ ನಾನು ಐದು ವರ್ಷದಿಂದ ಪಿಡಿಬಿಫಿಕ್ಸರ್ ಬಳಸುತ್ತಿದ್ದೇನೆ. ಸಿಮ್ಯುಲೇಶನ್ ತಂತ್ರಾಂಶ ಓಪನ್‌ಎಂಎಂನ ತಂಡದ ಸಾಧನ, ಉಚಿತ, ಕೊಂಡಾ ಅನ್ನುವ ಪ್ಯಾಕೇಜ್ ವ್ಯವಸ್ಥೆಯಲ್ಲಿ ಒಂದೇ ಸಾಲಿಗೆ ಇನ್‌ಸ್ಟಾಲ್ ಆಗುತ್ತದೆ. ಕೋಡ್ ಬರೆಯಲು ಬಾರದವರು ಬ್ರೌಸರ್‌ನಲ್ಲೇ ಕೆಲಸ ಮುಗಿಸಬಹುದು.

ಬಿಡಿ ಪರಮಾಣುಗಳ ವಿಷಯದಲ್ಲಿ ಇದು ನನಗೆ ತುಂಬಾ ಇಷ್ಟ. ಅರ್ಧ ಲೈಸೀನ್ ಪೂರ್ತಿಯಾಗುತ್ತದೆ, ಗಂಧಕದ ಬದಲು ಸೆಲೆನಿಯಂ ಇರುವ ಸೆಲೆನೋಮೆಥಿಯೋನೀನ್ ಮಾಮೂಲಿ ಮೆಥಿಯೋನೀನ್ ಆಗುತ್ತದೆ, ಹೇಳಿದ ಪಿಎಚ್‌ಗೆ ತಕ್ಕ ಹಾಗೆ ಹೈಡ್ರೋಜನ್ ಕೂರುತ್ತದೆ. ಹಿಸ್ಟಿಡೀನ್‌ಗಳಲ್ಲಿ ಹೈಡ್ರೋಜನ್ ಬೇರೆ ಬೇರೆ ಕಡೆ ಕೂರಬಹುದು, ಹಾಗಾಗಿ ಅವನ್ನು ಮಾತ್ರ ನಾನು ಒಂದೊಂದಾಗಿ ತೆರೆದು ನೋಡುತ್ತೇನೆ.

ಲೂಪ್ ವಿಷಯ ಬೇರೆ. 2020ರ ಕೊರೊನಾ ಸ್ಪೈಕ್ (ವೈರಸ್ಸಿನ ಹೊರಮೈಯ ಮುಳ್ಳು ಪ್ರೋಟೀನ್) ರಚನೆ ತೆಗೆದುಕೊಳ್ಳಿ, ಪಿಡಿಬಿ ಭಂಡಾರದಲ್ಲಿ ಅದರ ಗುರುತು 6ವಿಎಕ್ಸ್‌ಎಕ್ಸ್. ಕ್ರಯೋ-ಇಎಂನಲ್ಲಿ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ) ಸ್ಪಷ್ಟತೆ 2.8 ಆಂಗ್‌ಸ್ಟ್ರಾಂ, ಒಳ್ಳೆಯ ಕೆಲಸ. ಆದರೆ ನಮ್ಮ ಜೀವಕೋಶದ ಏಸ್‌2 ಪ್ರೋಟೀನಿಗೆ ಅಂಟುವ ಭಾಗದಲ್ಲೇ, 480ನೇ ಅಮೈನೋ ಆಮ್ಲದ ಆಸುಪಾಸಿನ ಲೂಪ್ ಇಲ್ಲ. ಪಿಡಿಬಿಫಿಕ್ಸರ್ ಅದನ್ನು ಕಟ್ಟಿಕೊಟ್ಟಿತು. ಆ ಲೂಪಿನಲ್ಲಿ 480 ಮತ್ತು 488ನೇ ಸಿಸ್ಟೀನ್‌ಗಳ ಗಂಧಕಗಳು ಒಂದಕ್ಕೊಂದು ಬೆಸೆದಿರಬೇಕು, ನಡುವೆ ಸುಮಾರು 2 ಆಂಗ್‌ಸ್ಟ್ರಾಂ. ತೆರೆದು ನೋಡಿದರೆ ಒಂದು ಅತ್ತ, ಇನ್ನೊಂದು ಇತ್ತ ಮುಖ ಮಾಡಿದ್ದವು. ಖಾಲಿ ಜಾಗ ತುಂಬಿತ್ತು, ಅಷ್ಟೇ. ಆಮೇಲೆ 6ಎಂ0ಜೆ ಅನ್ನುವ 2.45 ಆಂಗ್‌ಸ್ಟ್ರಾಂ ಹರಳಿನ ರಚನೆಯನ್ನು ಅಚ್ಚಾಗಿಟ್ಟುಕೊಂಡು ಮಾಡೆಲರ್ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಲೂಪ್ ಕಟ್ಟಿದೆ. ಅಲ್ಲಿ ಏಸ್‌2 ಹಿಡಿದುಕೊಂಡಿರುವುದರಿಂದ ಲೂಪ್ ಸ್ಪಷ್ಟವಾಗಿ ಕಾಣುತ್ತದೆ. ಸರಪಳಿಯ ತಿರುವುಗಳನ್ನು ಪರೀಕ್ಷಿಸುವ ರಾಮಚಂದ್ರನ್ ನಕ್ಷೆಯಲ್ಲೂ ಕೋನಗಳು ಸರಿಯಾದ ಜಾಗದಲ್ಲಿ ಬಂದವು.

ಈಗ ನಾನು ಮೂರು ನಾಲ್ಕು ರೆಸಿಡ್ಯೂವರೆಗಿನ (ಸರಪಳಿಯ ಒಂದೊಂದು ಅಮೈನೋ ಆಮ್ಲಕ್ಕೆ ರೆಸಿಡ್ಯೂ ಅನ್ನುತ್ತಾರೆ) ಬಿರುಕನ್ನು ಮಾತ್ರ ಇದಕ್ಕೆ ಬಿಡುತ್ತೇನೆ. ಪೈಥಾನ್‌ನಲ್ಲಿ ಬಳಸುವವರು ಸರಪಳಿಯ ಎರಡೂ ತುದಿಗಳನ್ನು ಕಾಣೆಯಾದ ರೆಸಿಡ್ಯೂಗಳ ಪಟ್ಟಿಯಿಂದ ಕೈಯಾರೆ ತೆಗೆಯಿರಿ. ಇಲ್ಲದಿದ್ದರೆ ಉದ್ದನೆಯ ಬಾಲ ನೀರಿನ ಪೆಟ್ಟಿಗೆಯನ್ನು ಸುಮ್ನೆ ದೊಡ್ಡದು ಮಾಡುತ್ತದೆ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಯಾವ ರೆಸಿಡ್ಯೂಗಳು ಕಾಣೆಯಾಗಿವೆ ಅಂತ ಇದು ತಿಳಿಯುವುದು ಫೈಲಿನ ತಲೆಯಲ್ಲಿರುವ ಸೆಕ್‌ರೆಸ್ (ಸರಪಳಿಯ ಪೂರ್ತಿ ಅನುಕ್ರಮ) ಸಾಲುಗಳಿಂದ. ಒಮ್ಮೆ ನಾನು ಬೇರೆ ತಂತ್ರಾಂಶದಲ್ಲಿ ಒಂದೇ ಸರಪಳಿ ಕತ್ತರಿಸಿ ಉಳಿಸಿದ್ದೆ. ಆ ಸಾಲುಗಳು ಹೋಗಿದ್ದವು. ಕಾಣೆಯಾದದ್ದು ಏನೂ ಇಲ್ಲ ಅಂತ ಬಂತು, ನಾನೂ ನಂಬಿದೆ. ಬಿರುಕಿನ ಎರಡು ದಡಗಳ ನಡುವೆ ಉದ್ದನೆಯ ಬಂಧ ಬಿದ್ದು ಎರಡು ದಿನದ ಓಟ ವ್ಯರ್ಥವಾಯಿತು. ಈಗ ಮೂಲ ಫೈಲಿನ ರಿಮಾರ್ಕ್ 465 ಮತ್ತು 470 ಓದದೆ ಶುರು ಮಾಡುವುದಿಲ್ಲ. ಕಾಣದ ರೆಸಿಡ್ಯೂಗಳು ಮೊದಲನೆಯದರಲ್ಲಿ, ಕಾಣದ ಪರಮಾಣುಗಳು ಎರಡನೆಯದರಲ್ಲಿ ಇರುತ್ತವೆ.

ಫೈಲ್ ಬರೆಯುವಾಗ ಮೂಲ ಎಣಿಕೆ ಉಳಿಸುವ ಕೀಪ್‌ಐಡ್ಸ್ ಆಯ್ಕೆ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಣಿಕೆ 1ರಿಂದ ಶುರುವಾಗುತ್ತದೆ, 480ನೇ ಸಿಸ್ಟೀನ್ ಎಲ್ಲಿದೆ ಅಂತ ಮತ್ತೆ ಹುಡುಕಬೇಕಾಗುತ್ತದೆ.