ಬಂಗುಡೆಗೆ ಹೋಗಿ, ಮಹಡಿ ಹತ್ತಬೇಡಿ

ಮುಂಬೈನ ಗೋರೆಗಾಂವ್ ಪೂರ್ವದಲ್ಲಿ, ಸ್ಟೇಷನ್‌ನಿಂದ ನಡೆದೇ ಹೋಗಬಹುದಾದ ಒಂದು ಬಾರ್ ಅಂಡ್ ರೆಸ್ಟೋರೆಂಟ್. ಹೆಸರು ಬರೆಯುವುದಿಲ್ಲ. ಶೆಟ್ರು ಪರಿಚಯದವರು, ಮದುವೆ ಗೃಹಪ್ರವೇಶಗಳಲ್ಲಿ ಎದುರಾಗುತ್ತಾರೆ. ಕೆಳಗೆ ಫ್ಯಾಮಿಲಿ ಸೆಕ್ಷನ್, ಮೇಲೆ ಎ.ಸಿ. ಪರ್ಮಿಟ್ ರೂಮ್, ಅಂದರೆ ಕುಡಿಯುವವರು ಕೂರುವ ಜಾಗ.

ಬಂಗುಡೆ ಪುಳಿಮುಂಚಿಯನ್ನು ಧೈರ್ಯವಾಗಿ ಆರ್ಡರ್ ಮಾಡಿ. ಹುಳಿ ಮೀನಿಗೆ ಚೆನ್ನಾಗಿ ಹಿಡಿದಿರುತ್ತದೆ, ಕೆಂಪು ಬ್ಯಾಡಗಿ ಮೆಣಸಿನದೇ, ಬಣ್ಣ ಹಾಕಿದ್ದಲ್ಲ. ನೀರ್ ದೋಸೆ ತೆಳ್ಳಗೆ, ಬಿಸಿ ಬಿಸಿ. ಕಾಣೆ ರವಾ ಫ್ರೈಗೆ ಮಾತ್ರ ರೇಟು ಜಾಸ್ತಿ, ಮೀನು ಸಣ್ಣದು. ಕೆಳಗೆ ಕೂತು ಉಂಡು ಹೋಗುವವರಿಗೆ ದೂರುವಂಥದ್ದು ಇನ್ನೇನೂ ಇಲ್ಲ.

ನನ್ನ ತಕರಾರು ಮಹಡಿಯದ್ದು. ಪರ್ಮಿಟ್ ರೂಮಿನ ಮೂಲೆಗೆ ಗಾಜು ಹಾಕಿ ಸ್ಮೋಕಿಂಗ್ ರೂಮ್ ಮಾಡಿದ್ದಾರೆ. ನಾನೂ ಸೇದುವವನೇ, ಹಾಗಾಗಿ ರೂಮ್ ಇರುವುದಕ್ಕೆ ಬೇಜಾರಿಲ್ಲ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೂರುವ ಹೋಟೆಲ್‌ಗೆ 2003ರ ತಂಬಾಕು ಕಾಯಿದೆಯೇ ಆ ಅವಕಾಶ ಕೊಟ್ಟಿದೆ. ಆದರೆ ಅದು ಹೇಗಿರಬೇಕು ಅನ್ನುವುದನ್ನು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಹೇಳುತ್ತವೆ. ಸುತ್ತಲೂ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ಕಟ್ಟಡದ ಹೊರಗೆ ಹೋಗುವ ವ್ಯವಸ್ಥೆ. ಇಲ್ಲಿ ಗಾಜು ಸೀಲಿಂಗ್‌ಗೆ ಒಂದು ಮೊಳ ಇರುವಾಗಲೇ ನಿಂತುಬಿಟ್ಟಿದೆ. ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನು ಕೈ ತೊಳೆಯುವ ಬೇಸಿನ್ ಕಡೆಗೆ ತಳ್ಳುತ್ತದೆ. ದೂರು ಯಾರಿಗೆ ಕೊಡಬೇಕು ಅಂತ ಬೋರ್ಡಿನಲ್ಲಿ ಹೆಸರಿರಬೇಕು, ಆ ಜಾಗ ಖಾಲಿ. ತಾನಾಗಿ ಮುಚ್ಚಬೇಕಾದ ಬಾಗಿಲಿಗೆ ಬಿಯರ್ ಕ್ರೇಟ್ ಅಡ್ಡ ಇಟ್ಟಿದ್ದಾರೆ. ಯಾಕೆ ಅಂದರೆ, ವೇಟರ್ ಎರಡೂ ಕೈಯಲ್ಲಿ ಟ್ರೇ ಹಿಡಿದು ಒಳಗೆ ಹೋಗಬೇಕಲ್ಲ!

ಸಿಟ್ಟು ಬರುವುದು ಅಲ್ಲೇ. 2017ರ ತಿದ್ದುಪಡಿ ಬಂದ ಮೇಲೆ ಸ್ಮೋಕಿಂಗ್ ರೂಮಿನೊಳಗೆ ಯಾವ ಸರ್ವಿಸ್ಸೂ ಕೊಡುವಂತಿಲ್ಲ. ಸೇದಿ ಎದ್ದು ಬರಬೇಕು, ಅಷ್ಟೇ. ಇಲ್ಲಿ ಒಳಗೇ ಟೇಬಲ್, ಒಳಗೇ ಮಸಾಲಾ ಪಾಪಡ್, ಒಳಗೇ ಬಿಲ್ಲು. ಕುಂದಾಪುರದ ಕಡೆಯ ಹುಡುಗನೊಬ್ಬನಿಗೆ ಇಡೀ ಸಂಜೆ ಆ ಹೊಗೆಯಲ್ಲೇ ಓಡಾಟ. "ಇದರೊಳಗೇ ಡ್ಯೂಟಿಯಾ ಮಾರಾಯ?" ಅಂದೆ. "ಟಿಪ್ಸ್ ಇಲ್ಲೇ ಜಾಸ್ತಿ ಅಣ್ಣ. ರಾತ್ರಿ ಮಲಗಿದ್ರೆ ಕೆಮ್ಮು, ಅದೊಂದೇ" ಅಂದ.

ನಮ್ಮ ಟೇಬಲ್ಲಿನಲ್ಲಿದ್ದ ಗೆಳೆಯನದು ಯಾವಾಗಲೂ ಒಂದೇ ವಾದ. "ನನ್ನ ದುಡ್ಡು, ನನ್ನ ಎದೆ. ಹೊಗೆ ಆಗದವರು ಬೇರೆ ಹೋಟೆಲ್‌ಗೆ ಹೋಗಲಿ." ಅರ್ಧ ಒಪ್ಪುತ್ತೇನೆ. ಸ್ವಂತ ಮನೆಯಲ್ಲಿ ಸೇದಬೇಡ ಅಂತ ಈ ಕಾಯಿದೆ ಹೇಳಿಲ್ಲ, ಹೇಳಲೂಬಾರದು. ಗಿರಾಕಿಯೂ ಬೇಕಾದರೆ ಎದ್ದು ಹೋಗಬಹುದು. ಸಂಬಳಕ್ಕೆ ನಿಂತ ಹುಡುಗ ಎಲ್ಲಿಗೆ ಹೋಗುತ್ತಾನೆ? ಸ್ವಾತಂತ್ರ್ಯದ ಬಗ್ಗೆ ಮೇಜು ಕುಟ್ಟುವವರೆಲ್ಲ ಕೂತವರೇ, ಪ್ಲೇಟ್ ಎತ್ತುವವರಲ್ಲ. ಮುಂಬೈನ ಮಾಜಿ ಮೇಯರ್ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆಸ್ಪತ್ರೆ, ಲೈಬ್ರರಿ, ಕೋರ್ಟು, ರೈಲುಗಳಲ್ಲಿ ಸೇದುವುದನ್ನು ನಿಷೇಧಿಸಿತಲ್ಲ, ಆ ಪಟ್ಟಿಯಲ್ಲೂ ಹೋಟೆಲ್ ಇರಲಿಲ್ಲ. ವೇಟರ್ ಯಾರ ಲೆಕ್ಕಕ್ಕೂ ಬರುವುದು ತಡವಾಗಿಯೇ.

ಕೌಂಟರಿನಲ್ಲಿ ಶೆಟ್ರಿಗೆ ಹೇಳಿದೆ, ಆ ಕ್ರೇಟ್ ಒಂದನ್ನಾದರೂ ತೆಗೆಸಿ ಅಂತ. "ಗಿರಾಕಿ ಪಕ್ಕದ ಬಾರಿಗೆ ಹೋಗ್ತಾರೆ ಮಾರಾಯ್ರೆ" ಅಂತ ನಕ್ಕರು. ಸೇದುವ ಗಿರಾಕಿಗಾದರೂ ಏನು ಹೆದರಿಕೆ? ಸೇದಿ ಸಿಕ್ಕಿಬಿದ್ದರೆ ಹೆಚ್ಚೆಂದರೆ 200 ರೂಪಾಯಿ ದಂಡ, ಮಹಡಿಯಲ್ಲಿ ಒಂದು ಪೆಗ್ಗಿಗೇ ಅದಕ್ಕಿಂತ ಜಾಸ್ತಿ. ಕರ್ನಾಟಕದವರು 2025ರಲ್ಲಿ ಅದನ್ನು 1,000 ಮಾಡಿದರು. ಇಲ್ಲೂ ಮಾಡಲಿ, ನನ್ನ ಜೇಬಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಊಟಕ್ಕೆ ನಾಲ್ಕು ಸ್ಟಾರ್, ಮಹಡಿಗೆ ಒಂದು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮಧ್ಯಾಹ್ನವೇ ಹೋಗಿ, ಮೆಟ್ಟಿಲ ಪಕ್ಕದ ಟೇಬಲ್ ಕೊಟ್ಟರೆ ಬೇಡ ಅನ್ನಿ. ಸಿಗರೇಟು ಬೇಕೆನಿಸಿದರೆ ರಸ್ತೆಯಾಚೆ ಪಾನ್ ಟಪರಿ ಇದೆ. ಕೋರಿ ರೊಟ್ಟಿ ಭಾನುವಾರ ಮಾತ್ರ, ತಡವಾದರೆ ಸಿಗುವುದಿಲ್ಲ.